ಹೆಪ್ಪು

ಮೊಸರಿಗೆ ಹೆಪ್ಪು ಹಾಕುವ ಅಧಿಕಾರ ನಮ್ಮ ಮನೆಯಲ್ಲಿ ನಲವತ್ತು ವರ್ಷಗಳಿಂದಲೂ ನನ್ನ ಪತ್ನಿಯದೇ. ಹಾಲು ಎಷ್ಟು ಬೆಚ್ಚಗಿರಬೇಕು, ಹೆಪ್ಪು ಎಷ್ಟು ಬೀಳಬೇಕು, ಪಾತ್ರೆಯನ್ನು ಯಾವ ಮೂಲೆಯಲ್ಲಿಡಬೇಕು ಎಂಬ ವಿಷಯಗಳಲ್ಲಿ ಅವಳ ತೀರ್ಪಿಗೆ ಮೇಲ್ಮನವಿಯಿಲ್ಲ. ಒಮ್ಮೆ ಅವಳು ತವರಿಗೆ ಹೋಗಿದ್ದಾಗ ನಾನು ಕುದಿಯುತ್ತಿದ್ದ ಹಾಲಿಗೇ ಒಂದು ಚಮಚ ಮೊಸರು ಸುರಿದು ಮಲಗಿಬಿಟ್ಟೆನು. ಬೆಳಗಾದ ಮೇಲೆ ನೋಡಿದರೆ ಪಾತ್ರೆಯಲ್ಲಿದ್ದದ್ದು ಹಾಲೂ ಅಲ್ಲ, ಮೊಸರೂ ಅಲ್ಲ. "ಹೆಪ್ಪು ಎಂದರೆ ಜೀವವಿರುವ ವಸ್ತು. ಅದನ್ನು ಬೇಯಿಸಿಬಿಟ್ಟರೆ ಏನು ಮಾಡೀತು ಪಾಪ!" ಎಂದು ಅವಳು ಹಿಂತಿರುಗಿ ಬಂದು ನಕ್ಕಳು. ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಅನಂತರ. ಅದೂ ಅಡುಗೆಮನೆಯಲ್ಲಲ್ಲ, ಮಂಡ್ಯ ಜಿಲ್ಲೆಯ ಒಂದು ಮೀನಿನ ಕೊಳದ ದಡದಲ್ಲಿ.

ಕೊಳ ನನ್ನ ಭಾವಮೈದನದು. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಆ ಊರುಗಳಿಗೆ ಕಬ್ಬು ಬತ್ತಗಳ ಸಿರಿಯೊಡನೆ ಒಂದು ಸಂಕಟವೂ ಒದಗಿದೆ. ತಗ್ಗಿನ ಜಮೀನಿನಲ್ಲಿ ನೀರು ಬಸಿದುಹೋಗದೆ ನಿಂತು, ನೆಲ ಜೌಗಾಗಿ, ಬಿತ್ತಿದ್ದು ಕೈಗೆ ಬಾರದೆ ಹೋಗುವುದುಂಟು. ಅವನಿಗೂ ಅಂತಹ ಅರ್ಧ ಎಕರೆ ಇದ್ದಿತು. "ನೀರು ಬಿಡುವುದಿಲ್ಲವೆಂದು ನೆಲ ಹಟ ಹಿಡಿದ ಮೇಲೆ ನಾವೇಕೆ ಅದರೊಡನೆ ಜಗಳವಾಡಬೇಕು, ಭಾವ? ನೀರಿನಲ್ಲಿ ಬೆಳೆಯುವುದನ್ನೇ ಬೆಳೆಯೋಣ" ಎಂದು ಅವನು ೨೦೨೧ರ ಬೇಸಗೆಯಲ್ಲಿ ಅಲ್ಲಿ ಆಳೆತ್ತರದ ಕೊಳ ತೋಡಿಸಿದನು. ತೋಡಿಸಿದ ಖರ್ಚಿನಲ್ಲಿ ಒಂದು ಪಾಲು ನನ್ನ ನಿವೃತ್ತಿಯ ಹಣ. ಆದ್ದರಿಂದ ಮೈಸೂರಿನ ಮನೆಯ ಜಗುಲಿಯಲ್ಲಿ ಪತ್ರಿಕೆ ಓದುತ್ತ ಕೂತಿರಬೇಕಾದ ನಾನು ವಾರಕ್ಕೊಮ್ಮೆ ಬಸ್ಸು ಹತ್ತಿ ಮೀನಿಗೆ ಮೇವು ಹಾಕುವುದನ್ನು ನೋಡಲು ಹೋಗುವಂತಾಯಿತು.

ಮೀನು ಸಾಕುವುದೆಂದರೆ ಅದರಲ್ಲಿಯೂ ಒಂದು ಸಂಸಾರ ಧರ್ಮವಿದೆ. ಕಾಟ್ಲಾ ಮೀನು ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರು ಅಂತಸ್ತಿನ ಮನೆಯಲ್ಲಿ ಮೂರು ಸಂಸಾರಗಳು ಒಂದರ ಅನ್ನಕ್ಕೆ ಇನ್ನೊಂದು ಕೈಹಾಕದೆ ಬಾಳುವ ಏರ್ಪಾಡು ಇದು. ಉತ್ತರದ ನದಿಗಳ ಈ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ೧೯೫೭ರ ಜುಲೈ ೧೦ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಅಲ್ಲಿಂದ ಮುಂದೆ ಮರಿಗಾಗಿ ನದಿಯ ಮುಖ ನೋಡುವ ಕಷ್ಟ ತಪ್ಪಿತು. ಆದರೆ ಸುಲಭವಾಗಿ ಸಿಕ್ಕುವ ವಸ್ತುವಿನ ಜೊತೆಗೆ ಆಸೆಯೂ ಬರುತ್ತದೆಯಷ್ಟೆ! ಎರಡು ಸಾವಿರ ಮರಿ ಹಿಡಿಯುವ ಕೊಳಕ್ಕೆ ನನ್ನ ಭಾವಮೈದನು ನಾಲ್ಕು ಸಾವಿರ ಬಿಟ್ಟನು. "ಅರ್ಧ ಸತ್ತರೂ ಅರ್ಧ ಉಳಿಯುತ್ತದೆ" ಎಂಬುದು ಅವನ ಲೆಕ್ಕ. ಲೆಕ್ಕದ ಮೇಷ್ಟರಾಗಿದ್ದ ನನಗೂ ಅದು ಆಗ ಸರಿಯಾಗಿಯೇ ಕಂಡಿತು.

೨೦೨೨ರ ಫೆಬ್ರವರಿ. ಹಗಲು ಉರಿಬಿಸಿಲು, ರಾತ್ರಿ ಚಳಿ. ಒಂದು ಮುಂಜಾನೆ ಭಾವಮೈದನ ದೂರವಾಣಿ ಬಂದಿತು. ಹೋಗಿ ನೋಡಿದರೆ ಮೀನುಗಳು ನೀರು ಒಳಬರುವ ತೂಬಿನ ಬಳಿ ಗುಂಪುಗೂಡಿ, ಮೇಲಕ್ಕೆ ಬಾಯಿ ಎತ್ತಿ ಏದುಸಿರು ಬಿಡುತ್ತಿದ್ದವು. ಹಲವುದರ ಹೊಟ್ಟೆಯ ಮೇಲೆ ರಕ್ತ ಜಿನುಗಿದಂತಹ ಕೆಂಪು ಮಚ್ಚೆ. ಕೆಲವುದರ ಹೊಟ್ಟೆ ಊದಿ ಹುರುಪೆಗಳು ನಿಮಿರಿ ನಿಂತಿದ್ದವು. ಆ ದಿನ ನಲವತ್ತು ಸತ್ತವು; ಮರುದಿನ ಎಪ್ಪತ್ತು. ಸತ್ತ ಮೀನನ್ನು ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಹಾಕಿ ಸುಣ್ಣ ಸುರಿಯುವ ಕೆಲಸ ಎಷ್ಟು ಭಾರವೆಂಬುದನ್ನು ಮಾಡಿದವರೇ ಬಲ್ಲರು.

ಈಗ ಹೇಳಲು ನಾಚಿಕೆಯಾಗುವ ಸಂಗತಿಯೊಂದಿದೆ. ಆ ಸಂಜೆ ಔಷಧದ ಅಂಗಡಿಗೆ ಹೋದವನು ಅವನಲ್ಲ, ನಾನು. ಜ್ವರಕ್ಕೂ ಹುಣ್ಣಿಗೂ ಆಂಟಿಬಯಾಟಿಕ್ ಎಂಬ ಒಂದೇ ಮಂತ್ರ ಕಲಿತ ನಮ್ಮ ಪಟ್ಟಣದ ಬುದ್ಧಿ ಮೀನಿಗೂ ಅದನ್ನೇ ಅನ್ವಯಿಸಿತು. ವೈದ್ಯರ ಚೀಟಿಯಿಲ್ಲ, ಪ್ರಮಾಣ ತಿಳಿಯದು. ಅಂಗಡಿಯವನು ಕೊಟ್ಟ ಡಬ್ಬಿಯನ್ನು ತಂದು, ತೌಡು ಕಡಲೆಕಾಯಿ ಹಿಂಡಿಗಳ ಮುದ್ದೆಗೆ ಕಲಸಿ, ತೂತುಮಾಡಿದ ಚೀಲಗಳಲ್ಲಿ ತುಂಬಿ ಕೊಳದ ಬಿದಿರುಗಳಿಗೆ ತೂಗುಹಾಕಿದೆವು. ಮೂರು ದಿನ ಹೀಗೆ ನಡೆಯಿತು. ಸಾವು ನಿಲ್ಲಲಿಲ್ಲ.

ನಾಲ್ಕನೆಯ ದಿನ ಒಬ್ಬ ವ್ಯಾಪಾರಿ ಬಂದನು. ಇಂತಹ ಸುದ್ದಿ ಅವರಿಗೆ ಹೇಗೆ ತಿಳಿಯುವುದೋ ದೇವರೇ ಬಲ್ಲ! ಉಳಿದ ಮೀನನ್ನೆಲ್ಲ ಅರ್ಧ ಬೆಲೆಗೆ ಆ ರಾತ್ರಿಯೇ ಎತ್ತಿಕೊಂಡು ಹೋಗುತ್ತೇನೆಂದನು. ಭಾವಮೈದನು ನನ್ನ ಮುಖ ನೋಡಿದನು. ನಾನು ಮನಸ್ಸಿನಲ್ಲಿಯೇ ಗುಣಿಸಿ ನೋಡಿದೆನು. ಹಾಕಿದ ಹಣದ ಬಹುಭಾಗ ಕೈಸೇರುತ್ತಿತ್ತು. ಇನ್ನೇನು ಹೂಂ ಎನ್ನಬೇಕು, ಅಷ್ಟರಲ್ಲಿ, ತಮ್ಮನ ಸಂಕಟಕ್ಕೆಂದು ಜೊತೆಯಲ್ಲಿ ಬಂದಿದ್ದ ನನ್ನ ಪತ್ನಿ ಮೆಲ್ಲನೆ ಕೇಳಿದಳು: "ಇದರಲ್ಲಿ ಒಂದು ಮೀನನ್ನು ಭಾನುವಾರ ನಮ್ಮ ಮೊಮ್ಮಗಳಿಗೆ ಬೇಯಿಸಿ ಹಾಕಲೆ?"

ಯಾರೂ ಉತ್ತರ ಕೊಡಲಿಲ್ಲ. ವ್ಯಾಪಾರಿ ಸ್ವಲ್ಪ ಹೊತ್ತು ಕಾದು, ನಕ್ಕು, ಗಾಡಿ ಹತ್ತಿ ಹೊರಟುಹೋದನು.

ಮರುದಿನ ಮೀನುಗಾರಿಕೆ ಶಾಸ್ತ್ರ ಓದಿದ ಒಬ್ಬ ಯುವತಿ ಕೊಳ ನೋಡಲು ಬಂದರು. ೧೯೬೯ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕೆ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರು. ಅವರು ಮೊದಲು ಮೀನನ್ನು ಮುಟ್ಟಲಿಲ್ಲ, ನೀರನ್ನು ಮುಟ್ಟಿದರು. ಮೊಣಕೈವರೆಗೆ ಕೈ ಅದ್ದಿ ಅಂಗೈ ಕಾಣುತ್ತದೆಯೇ ಎಂದು ನೋಡಿದರು, ಕಾಣಲಿಲ್ಲ. ಹಸಿರು ಪಾಚಿಯ ಗಂಜಿಯಂತಾಗಿದ್ದಿತು ನೀರು. ಹಗಲು ಆಮ್ಲಜನಕ ಕೊಡುವ ಆ ಪಾಚಿಯೇ ರಾತ್ರಿಯೆಲ್ಲ ಅದನ್ನು ಹೀರಿಕೊಳ್ಳುವುದರಿಂದ ಬೆಳಗಿನ ಜಾವದಲ್ಲಿ ಮೀನಿಗೆ ಉಸಿರು ಕಟ್ಟುತ್ತದೆ ಎಂದರು. ತಳದ ಕೆಸರನ್ನು ಕೆದಕಿಸಿ ಮೂಸಿ ನೋಡಿದರು. ತಿನ್ನದೆ ಉಳಿದ ಹಿಂಡಿಯೆಲ್ಲ ಅಲ್ಲಿ ಕೊಳೆತಿದ್ದಿತು.

"ಏರೊಮೊನಾಸ್ ಎಂಬ ಬ್ಯಾಕ್ಟೀರಿಯದ ಕೆಲಸದಂತೆ ಕಾಣುತ್ತದೆ. ಆದರೆ ಅದು ಹೊರಗಿನಿಂದ ಬಂದದ್ದಲ್ಲ, ಸ್ವಾಮಿ. ಎಲ್ಲ ಕೆರೆಕೊಳಗಳಲ್ಲಿಯೂ ಅದು ಇದ್ದೇ ಇರುತ್ತದೆ. ಮೀನು ಗಟ್ಟಿಯಾಗಿರುವವರೆಗೆ ಸುಮ್ಮನಿರುತ್ತದೆ. ಕಳ್ಳ ಊರಿನಲ್ಲಿಯೇ ಇದ್ದ, ಬಾಗಿಲು ತೆರೆದಿಟ್ಟವರು ನೀವು" ಎಂದರು.

ಡಬ್ಬಿಯ ಸಂಗತಿಯನ್ನು ನಾನೇ ಒಪ್ಪಿಕೊಂಡೆನು. ಅವರು ಗದರಿಸಲಿಲ್ಲ. ಗದರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ! ರೋಗದ ಮೀನು ಮೇವು ಮುಟ್ಟುವುದಿಲ್ಲವಾದ್ದರಿಂದ ನಾವು ಕೊಟ್ಟ ಔಷಧ ತಿಂದವು ಆರೋಗ್ಯವಾಗಿದ್ದ ಮೀನುಗಳೇ. ಮಿಕ್ಕದ್ದು ಕೆಸರು ಸೇರಿತು. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳಲ್ಲಿ ದುರ್ಬಲವಾದವು ಸತ್ತು, ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ. ಅದೇ ಔಷಧ ನಾಳೆ ಮನುಷ್ಯನ ಜ್ವರಕ್ಕೂ ಬೇಕಾದದ್ದು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಮೊದಲಾದವುಗಳ ಬಳಕೆಯನ್ನು ನಮ್ಮ ದೇಶದ ಮೀನು ಸೀಗಡಿ ಸಾಕಣೆಯಲ್ಲಿ ನಿಷೇಧಿಸಿರುವುದೂ ಇಂತಹ ಕಾರಣಗಳಿಂದಲೇ. ನಾವು ಹಾಕಿದ್ದು ಆ ಜಾತಿಯದಲ್ಲವಾದರೂ, ಮೀನಿನ ಮೈಯಿಂದ ಅದು ಇಳಿದುಹೋಗಲು ವಾರಗಳೇ ಬೇಕು. ಅಲ್ಲಿಯವರೆಗೆ ಒಂದು ಮೀನನ್ನೂ ಮಾರಕೂಡದು ಎಂದರು. ನಾವು ಎರಡು ತಿಂಗಳು ಮಾರಲಿಲ್ಲ. ನೀರು ಬದಲಾಯಿಸಿ, ಮೇವು ಇಳಿಸಿ, ಸುಣ್ಣ ಹಾಕಿದ ಮೇಲೆ ಸಾವು ಕ್ರಮವಾಗಿ ನಿಂತಿತು. ಏಪ್ರಿಲ್ ಕೊನೆಯಲ್ಲಿ ಉಳಿದ ಬಡಕಲು ಮೀನಿಗೆ ಬಂದ ಹಣ ಹಿಂಡಿಯ ಸಾಲಕ್ಕೂ ಸಾಲಲಿಲ್ಲ.

ಪ್ರೋಬಯಾಟಿಕ್ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಆ ಯುವತಿಯ ಬಾಯಿಂದಲೇ. "ರೋಗಾಣುವನ್ನು ಕೊಲ್ಲುವುದೊಂದೇ ದಾರಿಯಲ್ಲ, ಅದಕ್ಕೆ ಜಾಗವಿಲ್ಲದಂತೆ ಮಾಡುವುದೂ ಒಂದು ದಾರಿ. ಮೀನಿನ ಮೇವಿಗೆ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಬೆರೆಸಿ ಕೊಡುತ್ತಾರೆ" ಎಂದರು. "ಹೆಪ್ಪು ಹಾಕಿದ ಹಾಗೆ!" ಎಂದಳು ನನ್ನ ಪತ್ನಿ. "ಹೌದಮ್ಮ, ಹೆಚ್ಚು ಕಡಿಮೆ ಹಾಗೆಯೇ."

ಈ ಹೋಲಿಕೆ ಆಕಸ್ಮಿಕವಲ್ಲವೆಂಬುದು ಆಮೇಲೆ ಪುಸ್ತಕಗಳನ್ನು ತಿರುವಿದಾಗ ತಿಳಿಯಿತು. ೧೯೦೫ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ಎಂಬ ತರುಣನು ತನ್ನ ನಾಡಿನ ಮೊಸರಿನಲ್ಲಿ ಹಾಲನ್ನು ಹುಳಿಸುವ ಬ್ಯಾಕ್ಟೀರಿಯವನ್ನು ಕಂಡನು. ಪ್ಯಾರಿಸಿನಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಎಂಬ ಮಹಾ ವಿಜ್ಞಾನಿ, ೧೯೦೮ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡವರು, ಹುಳಿಹಾಲಿನ ಬ್ಯಾಕ್ಟೀರಿಯ ಕರುಳಿನ ಕೆಟ್ಟ ಜೀವಿಗಳನ್ನು ಅಡಗಿಸಿ ಆಯುಸ್ಸನ್ನು ಹೆಚ್ಚಿಸಬಲ್ಲುದೆಂದು ನಂಬಿದ್ದರು. ಆಯುಸ್ಸಿನ ಮಾತು ಅತಿಯಾಯಿತಾದರೂ ಆ ಭಾವನೆಯ ತಿರುಳು ಉಳಿಯಿತು. ಜಪಾನಿನಲ್ಲಿ ೧೯೮೦ರ ದಶಕದಲ್ಲಿ ಸಾಕುಮೀನಿನ ಮೇವಿಗೆ ಬ್ಯಾಸಿಲಸ್ ಜಾತಿಯ ಬೀಜಾಣುಗಳನ್ನು ಬೆರೆಸಿ ಪರೀಕ್ಷಿಸಿದರು. ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆಶ್ರಯ ಕೊಟ್ಟ ಪ್ರಾಣಿಯ ಆರೋಗ್ಯಕ್ಕೆ ಹಿತಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್ ಎಂದು ೨೦೦೧ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಸೇರಿ ನಿರೂಪಿಸಿದರು. ಜೀವಂತವಾಗಿರಬೇಕು, ತಕ್ಕಷ್ಟಿರಬೇಕು, ಹಿತಮಾಡಬೇಕು. ನನ್ನ ಪತ್ನಿಯ ಹೆಪ್ಪಿನ ಶಾಸ್ತ್ರದಲ್ಲಿ ಇದಕ್ಕಿಂತ ಹೆಚ್ಚೇನೂ ಇಲ್ಲ, ಕಡಿಮೆಯೂ ಇಲ್ಲ.

ಅವು ಕೆಲಸಮಾಡುವ ರೀತಿ ನಮ್ಮ ಊರುಕೇರಿಯ ನಡತೆಯಂತೆಯೇ ಇದೆ. ಕರುಳಿನ ಗೋಡೆಯಲ್ಲಿ ಸ್ಥಳ ಹಿಡಿದು, ಕೆಟ್ಟವು ಅಲ್ಲಿ ಬಿಡಾರ ಹೂಡದಂತೆ ತಡೆಯುತ್ತವೆ. ಅವುಗಳಿಗಿಂತ ಮೊದಲೇ ಅನ್ನವನ್ನು ಉಂಡುಬಿಡುತ್ತವೆ. ಕೆಲವು ತಮ್ಮ ಮೈಯಿಂದ ರೋಗಾಣುವಿಗೆ ಸಲ್ಲದ ರಸಗಳನ್ನು ಸುರಿಸುತ್ತವೆ. ಜೀರ್ಣಕ್ಕೆ ಸಹಾಯವಾಗುವ ಕಿಣ್ವಗಳನ್ನು ಕೊಡುತ್ತವೆ. ಮೀನಿನ ಸ್ವಂತ ರೋಗನಿರೋಧ ಶಕ್ತಿಯನ್ನು ತಟ್ಟಿ ಎಚ್ಚರಿಸುತ್ತವೆ. ಗೆಂಡೆ ಜಾತಿಯ ಮೀನಿಗೆ ನಮ್ಮಂತೆ ಜಠರವೆಂಬ ಆಮ್ಲದ ಚೀಲವೇ ಇಲ್ಲ. ಗಂಟಲಿಳಿದದ್ದು ನೇರವಾಗಿ ಕರುಳಿಗೇ ಬರುತ್ತದೆ. ಅಷ್ಟೇ ಅಲ್ಲ, ನಾವು ಗಾಳಿಯಲ್ಲಿ ಬದುಕುವವರು. ಮೀನಾದರೋ ತನ್ನ ಸೂಕ್ಷ್ಮಜೀವಿಗಳು ಈಜುವ ನೀರಿನಲ್ಲಿಯೇ ಈಜುತ್ತದೆ, ಅದನ್ನೇ ಕಿವಿರಿನಲ್ಲಿ ಹಾಯಿಸಿ ಉಸಿರಾಡುತ್ತದೆ. ಅದಕ್ಕೆ ಹೊಟ್ಟೆಯ ಒಳಗೂ ಹೊರಗೂ ಇರುವ ಅಂತರ ಬಹಳ ತೆಳುವು. ಕೊಳ ಕೆಟ್ಟರೆ ಕರುಳು ಕೆಟ್ಟಂತೆ.

ಇಷ್ಟು ಕೇಳಿದ ಭಾವಮೈದನು ಮಾರನೆಯ ದಿನವೇ ಎರಡು ಕೊಡ ಮಜ್ಜಿಗೆಯನ್ನು ಕೊಳಕ್ಕೆ ಸುರಿದುಬಿಟ್ಟನು! ಆ ಯುವತಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಮೊಸರಿನ ಬ್ಯಾಕ್ಟೀರಿಯ ಬೆಚ್ಚಗಿನ ಹಾಲಿನಲ್ಲಿ ಪಳಗಿದ್ದು. ಮೀನಿನ ಕರುಳು ಅದರ ಊರಲ್ಲ. ಮೇಲಾಗಿ ನೀರಿಗೆ ಬಿದ್ದ ಹಾಲಿನಂಶ ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಹೋಲಿಕೆಯನ್ನು ಹೋಲಿಕೆಯಾಗಿಯೇ ಇಟ್ಟುಕೊಳ್ಳಬೇಕೆಂಬ ಪಾಠ ಅಂದು ಕಲಿತೆವು.

ಎರಡನೆಯ ಪಾಠಕ್ಕೆ ಹಣ ತೆತ್ತೆವು. ಪೇಟೆಯಿಂದ ಬಣ್ಣದ ಪೊಟ್ಟಣವೊಂದನ್ನು ಕೊಂಡು ತಂದೆನು. ಅದರ ಮೇಲೆ ನೆಗೆಯುವ ಮೀನಿನ ಚಿತ್ರವಿದ್ದಿತು, ಪವಾಡಗಳ ಪಟ್ಟಿಯಿದ್ದಿತು. ಒಳಗಿರುವ ಜೀವಿಯ ಹೆಸರಿರಲಿಲ್ಲ, ಎಷ್ಟಿವೆಯೆಂಬ ಲೆಕ್ಕವಿರಲಿಲ್ಲ, ಎಂದು ತಯಾರಾಯಿತೆಂಬ ತಾರೀಖು ಅಳಿಸಿಹೋಗಿದ್ದಿತು. ಅಂಗಡಿಯವನು ಅದನ್ನು ಸುಡುವ ತಗಡಿನ ಸೂರಿನಡಿ ಇಟ್ಟಿದ್ದನು. ನನ್ನ ಪತ್ನಿ ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ಜೀವ ಇದೆಯೆಂದು ಹೇಗೆ ಗೊತ್ತು?" ಎಂದಳು. ಗೊತ್ತಿರಲಿಲ್ಲ. ಅದು ಹಾಗೆಯೇ ಗುಂಡಿ ಸೇರಿತು.

ಆ ಬೇಸಗೆಯಲ್ಲಿ ಕೊಳವನ್ನು ಬತ್ತಿಸಿ, ಕೆಸರು ಬಿರುಕು ಬಿಡುವವರೆಗೆ ಒಣಗಿಸಿ, ಮೇಲಿನ ಕಪ್ಪು ಮಣ್ಣನ್ನು ತೆಗೆಸಿ ಸುಣ್ಣ ಹಾಕಿದೆವು. ೨೦೨೨ರ ಆಗಸ್ಟಿನಲ್ಲಿ ಎರಡೇ ಸಾವಿರ ಮರಿ ಬಿಟ್ಟೆವು. ಈ ಸಲ ಬ್ಯಾಸಿಲಸ್ ಸಬ್‌ಟಿಲಿಸ್ ಎಂದು ಹೆಸರೂ ಸಂಖ್ಯೆಯೂ ಸ್ಪಷ್ಟವಾಗಿದ್ದ ಪುಡಿಯನ್ನು ತರಿಸಿದೆವು. ಈ ಜಾತಿಯ ಜೀವಿ ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ನಿದ್ರಿಸಬಲ್ಲುದು. ಆದ್ದರಿಂದಲೇ ಮೇವಿನ ಕಾರ್ಖಾನೆಯ ಶಾಖವನ್ನೂ ದಾಸ್ತಾನಿನ ದಿನಗಳನ್ನೂ ತಾಳಿಕೊಂಡು ಬರುತ್ತದೆ. ಹಾಗೆಂದು ನಾವು ಅದನ್ನು ಪರೀಕ್ಷಿಸಲು ಹೋಗಲಿಲ್ಲ. ಬೇಯಿಸಿದ ತೌಡಿನ ಮುದ್ದೆ ಪೂರ್ತಿ ಆರಿದ ಮೇಲೆ, ಒಂದು ಗ್ರಾಂ ಮೇವಿಗೆ ಸುಮಾರು ಒಂದು ಕೋಟಿ ಜೀವಿಗಳು ಬೀಳುವ ಲೆಕ್ಕದಲ್ಲಿ ಪುಡಿಯನ್ನು ಬೆರೆಸಿ, ನೀರಿನಲ್ಲಿ ತೊಳೆದುಹೋಗದಂತೆ ಸ್ವಲ್ಪ ಎಣ್ಣೆ ಸವರಿ, ನೆರಳಿನಲ್ಲಿ ಆರಿಸಿ, ಅಂದಿನದನ್ನು ಅಂದೇ ಹಾಕುತ್ತಿದ್ದೆವು. ತಿಂದು ಮಿಗದಷ್ಟೇ ಮೇವು. ವಾರಕ್ಕೊಮ್ಮೆ ಬಲೆ ಎಳೆದು ನಾಲ್ಕು ಮೀನು ಹಿಡಿದು ತೂಗಿ, ಹೊಟ್ಟೆ ಕಿವಿರು ನೋಡಿ ಬಿಡುವುದು. ಬೆಳಗಿನ ಜಾವ ನೀರಿನ ಮೇಲೆ ಬಾಯಿ ಕಾಣುತ್ತದೆಯೇ ಎಂದು ಟಾರ್ಚು ಹಿಡಿದು ನೋಡುವುದು. ಕೊಳದ ಸಂಸಾರ ಸುಲಭವೆಂದು ಯಾರೂ ತಿಳಿಯಬಾರದು.

ಜನವರಿ ೨೦೨೩ರಲ್ಲಿ ನಮಗೆ ಮತ್ತೆ ಪರೀಕ್ಷೆ ಬಂದಿತು. ಬಲೆಗೆ ಬಂದ ಮೀನುಗಳಲ್ಲಿ ಮೂರರ ಹೊಟ್ಟೆಯ ಮೇಲೆ ಅದೇ ಕೆಂಪು ಮಚ್ಚೆ. ಆ ರಾತ್ರಿ ಹತ್ತು ಗಂಟೆಗೆ ಭಾವಮೈದನು ದೂರವಾಣಿಯಲ್ಲಿ ಕೇಳಿದನು: "ಭಾವ, ಹೋದ ವರ್ಷದ ಡಬ್ಬಿಯಲ್ಲಿ ಅರ್ಧ ಇನ್ನೂ ಅಟ್ಟದ ಮೇಲಿದೆ. ಏನು ಮಾಡಲಿ?" ಅವನ ದನಿ ನಡುಗುತ್ತಿದ್ದಿತು. ಮಗನ ಕಾಲೇಜಿನ ಶುಲ್ಕ ಆ ಕೊಳದಲ್ಲಿಯೇ ಈಜುತ್ತಿದೆಯೆಂದು ನನಗೆ ಗೊತ್ತಿದ್ದಿತು. ಜಗುಲಿಯಲ್ಲಿ ಕುಳಿತವನಿಗೆ ಧರ್ಮ ಹೇಳುವುದು ಸುಲಭ. ಕೊಳದ ದಡದಲ್ಲಿ ನಿಂತವನಿಗೆ ಕೇಳುವುದು ಕಷ್ಟ. ಡಬ್ಬಿ ಹಾಕಿದರೆ ಆರು ತಿಂಗಳು ಸಾಕಿದ ಒಳ್ಳೆಯ ಜೀವಿಗಳನ್ನೂ ಕೈಯಾರೆ ಕೊಂದಂತಾಗುತ್ತದೆ ಎಂದು ಮಾತ್ರ ಹೇಳಿದೆನು. ಬಹಳ ಹೊತ್ತು ಅವನು ಮಾತನಾಡಲಿಲ್ಲ. "ಆಗಲಿ" ಎಂದು ಇಟ್ಟನು. ಎರಡು ದಿನ ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಿ, ಅಳತೆಯಾಗಿ ಸುಣ್ಣ ಹಾಕಿದನು. ಹನ್ನೊಂದು ಮೀನು ಸತ್ತವು. ಹನ್ನೆರಡನೆಯದು ಸಾಯಲಿಲ್ಲ.

ಜೂನಿನಲ್ಲಿ ಬಲೆ ಎಳೆದಾಗ ಮೀನುಗಳು ಹೆಚ್ಚುಕಡಿಮೆ ಒಂದೊಂದು ಕಿಲೋ ತೂಗಿದವು. ಸಾಲ ತೀರಿತು, ಶುಲ್ಕ ಕಟ್ಟಿದ್ದಾಯಿತು. ನನ್ನ ಹಣ ಇನ್ನೂ ಪೂರ್ತಿ ಬಂದಿಲ್ಲ. ನಾನು ಕೇಳಿಯೂ ಇಲ್ಲ.

ಇದೆಲ್ಲ ಪ್ರೋಬಯಾಟಿಕ್ಕಿನ ಮಹಿಮೆಯೆ? ಹಾಗೆಂದು ನಾನು ಪ್ರಮಾಣ ಮಾಡಲಾರೆ. ಲೆಕ್ಕದ ಮೇಷ್ಟರಾಗಿ ಹೇಳುವುದಾದರೆ, ನಾವು ಮರಿ ಇಳಿಸಿದೆವು, ಕೆಸರು ತೆಗೆದೆವು, ಮೇವು ಅಳೆದೆವು, ಪುಡಿಯನ್ನೂ ಬೆರೆಸಿದೆವು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ ಉತ್ತರ ಒಂದರದೆನ್ನುವುದು ಸರಿಯಲ್ಲ. ವಿಜ್ಞಾನಿಗಳು ಒಂದೇ ಬಗೆಯ ತೊಟ್ಟಿಗಳಲ್ಲಿ ಕೆಲವಕ್ಕೆ ಪ್ರೋಬಯಾಟಿಕ್ ಕೊಟ್ಟು ಕೆಲವಕ್ಕೆ ಕೊಡದೆ, ಆಮೇಲೆ ರೋಗಾಣುವನ್ನು ಸೋಕಿಸಿ ನೋಡುತ್ತಾರೆ. ಕೊಟ್ಟಲ್ಲಿ ಹೆಚ್ಚು ಮೀನು ಬದುಕುವುದನ್ನು ಅನೇಕ ಪ್ರಯೋಗಗಳಲ್ಲಿ ಕಂಡಿದ್ದಾರೆ. ರೈತನ ಕೊಳದಲ್ಲಿ ಫಲ ಒಂದೇ ಸಮನಾಗಿರುವುದಿಲ್ಲವೆಂಬುದನ್ನೂ ಅವರೇ ಒಪ್ಪುತ್ತಾರೆ. ಮೀನಿನ ಆರೋಗ್ಯಕ್ಕೆ ದಾರಿ ಇದೊಂದೇ ಅಲ್ಲ. ನಾರ್ವೆಯಲ್ಲಿ ೧೯೮೭ರಲ್ಲಿ ಸಾಲ್ಮನ್ ಸಾಕಣೆಗೆ ಸುಮಾರು ೫೦ ಟನ್ ಆಂಟಿಬಯಾಟಿಕ್ ಬಳಸಿದ್ದರು. ಮೀನಿಗೆ ಲಸಿಕೆ ಹಾಕುವುದನ್ನೂ ಸಾಕಣೆಯ ಶಿಸ್ತನ್ನೂ ರೂಢಿಗೆ ತಂದ ಮೇಲೆ, ಉತ್ಪಾದನೆ ಹಲವು ಪಟ್ಟು ಬೆಳೆದರೂ ಔಷಧದ ಬಳಕೆ ಅದರ ಅತ್ಯಲ್ಪ ಭಾಗಕ್ಕೆ ಇಳಿಯಿತು. ಅವರು ಲಸಿಕೆ ಹಾಕಿದರು, ನಾವು ಹೆಪ್ಪು ಹಾಕಿದೆವು. ಎರಡರಲ್ಲಿಯೂ ಕೆಲಸ ಆರಂಭವಾಗಬೇಕಾದದ್ದು ಮೀನು ಸಾಯುವ ಮೊದಲು.

ನಾನು ಒಪ್ಪುವುದು ಇಷ್ಟನ್ನು. ಡಬ್ಬಿ ಅಟ್ಟದ ಮೇಲಿದ್ದಷ್ಟು ಕಾಲ ನಾವು ಕೊಳವನ್ನು ಸರಿಯಾಗಿ ನೋಡಿರಲಿಲ್ಲ. ರೋಗ ಬಂದರೆ ಅದು ನೋಡಿಕೊಳ್ಳುತ್ತದೆಂಬ ಭರವಸೆಯೇ ಅದಕ್ಕೆ ಕಾರಣ. ಹೆಪ್ಪಿಗೆ ಆ ಗುಣವಿಲ್ಲ. ಪಾತ್ರೆ ತೊಳೆಯದವನಿಗೆ, ಹಾಲಿನ ಹದ ನೋಡದವನಿಗೆ ಅದು ಒಲಿಯುವುದಿಲ್ಲ. ಅದನ್ನು ಬದುಕಿಸಲು ಹೊರಟವನು ಕೊಳವನ್ನೂ ಬದುಕಿಸಲೇಬೇಕಾಗುತ್ತದೆ.

ಆ ಜೂನಿನ ಒಂದು ಭಾನುವಾರ ಭಾವಮೈದನು ಬಾಳೆಯೆಲೆಯಲ್ಲಿ ಸುತ್ತಿದ ಎರಡು ರೋಹು ಮೀನನ್ನು ಮೈಸೂರಿಗೆ ತಂದುಕೊಟ್ಟನು. ನನ್ನ ಪತ್ನಿ ಸಾರು ಮಾಡಿದಳು. ಮೊಮ್ಮಗಳು ಮುಳ್ಳು ಬಿಡಿಸಲು ಬಾರದೆ ಅಜ್ಜಿಯ ಕೈಯಿಂದಲೇ ತಿಂದು, ಇನ್ನೊಂದು ತುಂಡು ಬೇಕೆಂದು ತಟ್ಟೆ ಮುಂದೆ ಚಾಚಿದಳು. ಭಾವಮೈದನು ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದನು. ರಾತ್ರಿ ಮಲಗುವ ಮುನ್ನ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಕ್ಕ ಹಾಲಿನ ಪಾತ್ರೆಗೆ ಬೆರಳು ಅದ್ದಿ ಹದ ನೋಡುವುದನ್ನು ಗಮನವಿಟ್ಟು ನೋಡಿದನು.